ನಡುವಿನ ಸಾಲು ಬೆಳಗಿದ ದಿನ

ಒಂದು ನಿಮಿಷ ಇಲ್ಲಿ ಕೇಳಿ, ಅರ್ಧಕ್ಕೇ ಎದ್ದು ಹೋಗಬೇಡಿ ಮತ್ತೆ! ಅಲ್ ಐನ್‌ನ ಪ್ರಯೋಗಾಲಯವೊಂದರಲ್ಲಿ ಕೆಲಸಕ್ಕಿದ್ದ ಉಡುಪಿಯ ತಿಲಕ್ ಊರಿಗೆ ಹೊರಟ ಕತೆ ಇದು. ಅಷ್ಟೂ ಅವಾಂತರಕ್ಕೆ ಕಾರಣ ಒಂದು ಡಬ್ಬಿ ಹಲ್ವಾ.

ತಿಲಕನ ಮಗಳು ತೃಷಾಳಿಗೆ ಎಂಟು ತಿಂಗಳು. ಅವನಿನ್ನೂ ಅವಳನ್ನು ಒಮ್ಮೆಯೂ ಎತ್ತಿಕೊಂಡಿಲ್ಲ. ಮೊಬೈಲಿನಲ್ಲಿ ಅವಳ ಕೆನ್ನೆ ಮುಟ್ಟಿದರೆ ಬೆರಳಿಗೆ ಸಿಗುವುದು ಬರೀ ಗಾಜು. ಮಗುವಿನ ನೆತ್ತಿಯ ವಾಸನೆ ಹೇಗಿರುತ್ತದೆ ಎಂದು ಕೇಳಿದರೆ ಹೆಂಡತಿ ಭವ್ಯಶ್ರೀ, "ಅದನ್ನೆಲ್ಲ ಫೋನಲ್ಲಿ ಹೇಳ್ಲಿಕ್ಕೆ ಆಗ್ತದಾ? ನೀವೇ ಬಂದು ನೋಡಿ" ಎನ್ನುತ್ತಿದ್ದಳು.

ಬರಲು ರಜೆ ಬೇಕು, ರಜೆಗೆ ಡಾಕ್ಟರ್ ದ್ವಾರಕನಾಥರ ಸಹಿ ಬೇಕು. ಧಾರವಾಡದವರಾದ ಆ ಮುಖ್ಯಸ್ಥರದ್ದು ಒಂದೇ ಪಟ್ಟು: "ನಡುವಿನ ಸಾಲು ಬೆಳಗಿದ ದಿನಾನ ಸಹಿ, ತಮ್ಮಾ."

ವಿಷಯ ಇಷ್ಟೇ. ಜೀವಕೋಶದೊಳಗೆ ರೈಬೋಸೋಮ್ ಎಂಬ ಯಂತ್ರ ಆರ್‌ಎನ್‌ಎ ಎಂಬ ದಾರವನ್ನು ಓದುತ್ತಾ ಪ್ರೋಟೀನು ಕಟ್ಟುತ್ತದೆ. ಕೆಲವು ದಾರಗಳಲ್ಲಿ ಮುಖ್ಯ ಪಾಠಕ್ಕೆ ಮುಂಚೆ ಇನ್ನೊಂದು ಪುಟ್ಟ ಪಾಠ ಇರುತ್ತದೆ. ಅದು ಉದ್ದವಾಗಿದ್ದರೆ ಓದಿ ಮುಗಿಸಿದ ಯಂತ್ರ ಕಳಚಿ ಬೀಳುತ್ತದೆ. ತೀರ ಚಿಕ್ಕದಾಗಿದ್ದರೆ ಮಾತ್ರ ಯಂತ್ರದ ಒಂದು ತುಂಡು ದಾರದಲ್ಲೇ ಉಳಿದು, ಮುಂದೆ ಸರಿದು, ಬೇಕಾದ ಸಾಮಾನು ಕೂಡಿಸಿಕೊಂಡು, ಮುಖ್ಯ ಪಾಠವನ್ನು ಹೊಸದಾಗಿ ಶುರು ಮಾಡಬಲ್ಲದು. ತಿಲಕನಿಗೆ ಇದು ಊರಿನ ಫೋನ್ ಇದ್ದ ಹಾಗೆ. ಮೊದಲು ಎತ್ತುವುದು ಅಮ್ಮ. "ಊಟ ಆಯ್ತಾ?" ಎಂಬಲ್ಲಿಗೆ ನಿಂತರೆ ಹೆಂಡತಿಯ ಹತ್ತಿರ ಮಾತಾಡಬಹುದು, ನೆರೆಮನೆಯ ದನ ಕರು ಹಾಕಿದ್ದರಿಂದ ಶುರುಮಾಡಿದರೋ, ಫೋನಿನ ಕಾರ್ಡು ಅಲ್ಲೇ ಖಲಾಸ್.

ಮೂರು ಸಾಲು ಟ್ಯೂಬುಗಳು, ಎಲ್ಲದರಲ್ಲೂ ಈ ದಾರ, ಈ ಯಂತ್ರ. ಮೊದಲ ಸಾಲಿನ ದಾರದಲ್ಲಿ ಪುಟ್ಟ ಪಾಠವೇ ಇಲ್ಲ, ನಡುವಿನದರಲ್ಲಿ ಚಿಕ್ಕದು, ಕೊನೆಯದರಲ್ಲಿ ಉದ್ದದ್ದು. ಮುಖ್ಯ ಪಾಠ ಮಿಣುಕುಹುಳದ ಪ್ರೋಟೀನಿನದು. ಯಂತ್ರ ಅದನ್ನು ಓದಿದರೆ ಬೆಳಕು. ದುಬೈಯಿಂದ ಅಂದಿನ ಸಂಜೆಯ ವಿಮಾನಕ್ಕೆ ಧೈರ್ಯವಾಗಿ ಟಿಕೆಟ್ ತೆಗೆದಿದ್ದ ತಿಲಕ್, ಆತುರದಲ್ಲಿ ಟ್ಯೂಬುಗಳ ಮೇಲೆ ಏನೂ ಬರೆಯಲಿಲ್ಲ. ಸಾಲು ನೆನಪಿದೆಯಲ್ಲ ಎಂದುಕೊಂಡು ಸ್ಟ್ಯಾಂಡನ್ನು ಫ್ರಿಜ್ಜಿಗೆ ಸೇರಿಸಿ ಊಟಕ್ಕೆ ಹೋದ.

ಊರಿಗೆ ಹೊರಟವನ ಸುದ್ದಿ ಗಲ್ಫಿನಲ್ಲಿ ಬಿರಿಯಾನಿಯ ಪರಿಮಳಕ್ಕಿಂತ ಬೇಗ ಹರಡುತ್ತದೆ. ರಜೆ ಸಿಗುವ ಮೊದಲೇ ಸ್ಟೋರಿನ ಲೂರ್ದ್ ಕಂಬಳಿ ಹೊತ್ತು ಬಂದ.

"ಅಪ್ಪನಿಗೆ ಮಾರಾಯಾ. ಭಾರ ಎಂತ ಇಲ್ಲ, ಹತ್ತಿ ಹಾಗೆ ಉಂಟು."

"ಆರು ಕಿಲೋ ಹತ್ತಿಯಾ?"

"ನೀನು ಹೊರುದಾ? ವಿಮಾನ ಅಲ್ವಾ ಹೊರುದು!"

ಆಫೀಸಿನ ಹಲೀಮ ಹಾಲಿನ ಪುಡಿಯ ಡಬ್ಬಗಳನ್ನು ಜೋಡಿಸಿದಳು. "ತಂಗಿಗೆ ಕೊಡಿ ಅಣ್ಣಾ. ಏರ್‌ಪೋರ್ಟಿನ ಹತ್ತಿರವೇ, ಪುತ್ತೂರು."

"ಪುತ್ತೂರು ಯಾವಾಗ ಏರ್‌ಪೋರ್ಟಿನ ಹತ್ತಿರ ಬಂತು ಮಾರಾಯ್ತಿ?"

ಮಧ್ಯಾಹ್ನ ಮೂರಕ್ಕೆ ಬೆಳಕು ಅಳೆಯುವ ಯಂತ್ರಕ್ಕೆ ಟ್ಯೂಬು ಹಾಕಿದರೆ, ಅಬ್ಬಾ, ನಡುವಿನ ಸಾಲು ಬೆಳಗಿತ್ತು! ಉಳಿದ ಸಾಲುಗಳ ಅಂಕಿ ನೋಡುವಷ್ಟು ತಾಳ್ಮೆ ಯಾರಿಗಿದೆ? ತಿಲಕ್ ಅಂಕಿಗಳ ಕಾಗದ ಹರಿದುಕೊಂಡು ಓಡಿದ. ಡಾಕ್ಟರರು ಕಾಗದ ನೋಡಿದರು, ಕನ್ನಡಕದ ಮೇಲಿಂದ ಅವನನ್ನು ನೋಡಿದರು, ಸಹಿ ಹಾಕಿದರು.

"ನಾಳೆ ಅಬುಧಾಬಿ ಮೀಟಿಂಗನ್ಯಾಗ ಇದನ್ನ ತೋರಸ್ತೀನಿ. ಹೋಗು, ಮಗಳನ್ನ ಎತ್ತಿಕೊ."

ಟ್ಯಾಕ್ಸಿ ದುಬೈ ದಾರಿಯಲ್ಲಿ ಅರ್ಧ ಬಂದಿತ್ತು. ತೊಡೆಯ ಮೇಲೆ ಲೂರ್ದನ ಕಂಬಳಿ. ಮಗುವನ್ನು ಹೀಗೆಯೇ ಮಲಗಿಸಿಕೊಳ್ಳುವುದೇ ಎಂದು ತಿಲಕ್ ಅದನ್ನು ಮೆಲ್ಲನೆ ತಟ್ಟುತ್ತಿದ್ದಾಗ ಪಕ್ಕದ ಲ್ಯಾಬಿನ ಗ್ರೇಸಿಯ ಫೋನು.

"ನನ್ನ ಹಲ್ವಾ ಬಿಟ್ಟೇ ಹೋದಿಯಲ್ಲ!"

"ಯಾವ ಹಲ್ವಾ ಗ್ರೇಸಿಯಕ್ಕ?"

"ಮಧ್ಯಾಹ್ನ ನಿನ್ನ ಫ್ರಿಜ್ಜಲ್ಲಿ ಇಟ್ಟೆ. ಜಾಗ ಇರ್ಲಿಲ್ಲ, ನಿನ್ನ ಸ್ಟ್ಯಾಂಡ್ ಹೊರಗೆ ತೆಗ್ದು ಮತ್ತೆ ಒಳಗೆ ತಳ್ಳಿದೆ. ಹಿಂದುಮುಂದು ಆಗಿರ್ಬೌದು. ಅದ್ರಲ್ಲಿ ಎಂತ ಉಂಟು, ಟ್ಯೂಬಲ್ವಾ?"

ಏಸಿಯಲ್ಲೂ ತಿಲಕ್ ಬೆವತ. ಬೆಳಗಿದ್ದು ಪುಟ್ಟ ಪಾಠವೇ ಇಲ್ಲದ ಸಾಲಾಗಿದ್ದರೆ? ಅದು ಹೇಗೂ ಬೆಳಗುತ್ತದೆ! ನಾಳೆ ಅಷ್ಟು ಜನರೆದುರು ಡಾಕ್ಟರರ ಮಾನ ಹರಾಜು. ಏಳು ಸಲ ಫೋನು ಮಾಡಿದ. ಡಾಕ್ಟರರ ಫೋನು ಕೋಟಿನ ಜೇಬಿನಲ್ಲಿ, ಕೋಟು ಗೂಟದಲ್ಲಿ. ಸುಳ್ಳು ಬೆಳಕಿಗೆ ಸಿಕ್ಕ ರಜೆಯಲ್ಲಿ ಮಗಳ ಮುಖ ನೋಡುವುದು ಹೇಗೆ? ಕಣ್ಣು ಮುಚ್ಚಿದರೆ ಅದೇ ಮುಖ. ಆದರೂ ಡ್ರೈವರನ ಭುಜ ತಟ್ಟಿ ಹೇಳಿದ: "ಭಾಯ್, ವಾಪಸ್. ಯಲ್ಲಾ, ಬೇಗ!"

ಏದುಸಿರು ಬಿಡುತ್ತಾ ಬಂದವನ ತಪ್ಪೊಪ್ಪಿಗೆಯನ್ನು ಡಾಕ್ಟರರು ಚಹಾ ಹೀರುತ್ತಾ ಕೇಳಿದರು.

"ಸ್ಟ್ಯಾಂಡು ತಿರುಗೇದ, ಹೌದು. ಮೊದಲನೇ ಸಾಲು ಅಮಾವಾಸ್ಯಿ, ಕಡೀದು ಹಗಲು! ಕಾಗದ ನೋಡಿದ ಕೂಡಲೇ ಗೊತ್ತಾತು."

"ಮತ್ತೆ ಸಹಿ ಹಾಕಿದ್ರಲ್ಲ ಸರ್?"

"ಹಾಕದ ಏನ್ ಮಾಡ್ಲಿ? ಹೆಂಗ ತಿರುಗಿಸಿದ್ರೂ ನಡುವಿನ ಸಾಲು ನಡುವನ ಇರ್ತದಲ್ಲೋ! ಯಂತ್ರ ಎರಡನೇ ಸಲ ಶುರು ಮಾಡೇದ, ಬೆಳಕು ಖರೇನ. ನೀ ಯಾಕ ವಾಪಸ್ ಬಂದಿ?"

ತಿಲಕ್ ಗಡಿಯಾರ ನೋಡಿದ. ವಿಮಾನ ಇನ್ನು ಸಿಗುವಂತಿರಲಿಲ್ಲ.

"ಮುಂದಿನ ಸೀಟು ಯಾವಾಗ?"

"ಹನ್ನೆರಡು ದಿನ ಬಿಟ್ಟು, ಸರ್."

"ಛಲೋ ಆತು! ಹೆಂಗೂ ಇದನ್ನ ಮೂರು ಸರ್ತಿ ಮಾಡಬೇಕು. ಅಷ್ಟರಾಗ ಮುಗಸು."

ಅಷ್ಟರಲ್ಲಿ ಫೋನಿನಲ್ಲಿ ಭವ್ಯಶ್ರೀ. "ವಿಮಾನ ಹತ್ತಿದ್ರಾ? ನೋಡಿ, ನೀವು ಬರ್ತೀರಿ ಅಂತ ಇವಳಿಗೆ ಹೊಸ ಅಂಗಿ ಹಾಕಿದ್ದೇನೆ." ಪರದೆಯ ತುಂಬ ತೃಷಾ, ಎರಡೂ ಕೈ ಮುಂದೆ ಚಾಚಿಕೊಂಡು.

ತಿಲಕ್ ಆ ಪುಟ್ಟ ಕೈಗಳ ಮೇಲೆ ಬೆರಳಿಟ್ಟ. ಸಿಕ್ಕಿದ್ದು ಅದೇ ಗಾಜು.

ಈಗ ನೀವೇ ಹೇಳಿ, ಅರ್ಧ ದಾರಿಯಲ್ಲಿ ಆ ಹಲ್ವಾದ ಫೋನು ನಿಮಗೆ ಬಂದಿದ್ದರೆ, ನೀವು ಏನು ಮಾಡುತ್ತಿದ್ದಿರಿ?