ಸಕಲ ಗರಗಸಗಳಿಗೂ ಹೊಂದುವ ಪೊಟ್ಟಣದ ತಯಾರಕರಿಗೆ

ಸರಪಳಿ ಗರಗಸದ ಬೇರಿಂಗು, ಸೀಲುಗಳನ್ನು ಲೋಕಕ್ಕೆ ಕರುಣಿಸುತ್ತಿರುವ ಸಂಸ್ಥೆಯ ಮುಖ್ಯಸ್ಥರಾದ ಮಾನ್ಯರೇ,

ತಮಗೂ, ತಮ್ಮ ಹೆಬ್ಬಾಗಿಲ ಕಾವಲುಗಾರನಿಗೂ, ಪೊಟ್ಟಣದ ಮೇಲಿನ ಬರಹವನ್ನು ರಚಿಸಿದ ಆ ಅಜ್ಞಾತ ಮಹಾಕವಿಗೂ ಭಗವಂತನು ಆಯುರಾರೋಗ್ಯಗಳನ್ನು ದಯಪಾಲಿಸಲೆಂದು ಮೊದಲಿಗೆ ಪ್ರಾರ್ಥಿಸಿ, ಎಪ್ಪತ್ತು ದಾಟಿದ ಈ ವೃದ್ಧನು ತನ್ನ ಬಿನ್ನಹವನ್ನು ತಮ್ಮ ಸನ್ನಿಧಿಯಲ್ಲಿ ಇರಿಸುತ್ತಿದ್ದಾನೆ. ಬಹಿರಂಗವಾಗಿ ಬರೆಯುತ್ತಿರುವುದಕ್ಕೆ ಕ್ಷಮೆಯಿರಲಿ. ಲಕೋಟೆಯಲ್ಲಿ ಮುಚ್ಚಿ ಕಳುಹಿಸಿದ ಪತ್ರಗಳು ತಮ್ಮ ಕಚೇರಿಯನ್ನು ಹೊಕ್ಕೊಡನೆ ಮೋಕ್ಷ ಪಡೆದಂತೆ ತೋರುತ್ತದೆ; ಅವುಗಳಿಗೆ ಪುನರಾವೃತ್ತಿಯಿಲ್ಲ.

ಸಂಗತಿ ಇಷ್ಟು. ಕಳೆದ ಬಿರುಗಾಳಿಯಲ್ಲಿ ನನ್ನ ಅಕ್ಕನ ಮನೆಯೆದುರಿನ ಮರ ಬುಡಸಮೇತ ಉರುಳಿ, ಮುಂಬಾಗಿಲಿನ ಇಳಿಜಾರು ಹಾದಿಗೆ ಅಡ್ಡಲಾಗಿ ಮಲಗಿಬಿಟ್ಟಿತು. ನಾವು ಹೇಗೋ ಕೊಂಬೆಗಳ ನಡುವೆ ನುಸುಳಿ ಹೋಗಿಬರಬಲ್ಲೆವು. ಊರುಗೋಲಿನ ಆಸರೆಯಲ್ಲಿ ನಡೆಯುವ ಅಕ್ಕ ನುಸುಳಲಾರಳು. ಹಿಂಬಾಗಿಲಿನ ಕಡಿದಾದ ಮೆಟ್ಟಿಲುಗಳನ್ನು ಅವಳ ಮಂಡಿಗಳು ಎಂದೋ ತ್ಯಜಿಸಿವೆ. ಹೀಗಾಗಿ ಸಂಜೆಯಾದರೆ ಬೀದಿಯಂಚಿನ ಕಲ್ಲುಬೆಂಚಿನ ಮೇಲೆ ಕುಳಿತು ಹೋಗುವವರು ಬರುವವರನ್ನೆಲ್ಲ ವಿಚಾರಿಸಿಕೊಳ್ಳುತ್ತಿದ್ದ ಆಕೆ ಕಿಟಕಿಯ ಸರಳುಗಳ ಹಿಂದೆ ಸೆರೆಯಾದಳು. ಮರ ಕೊಯ್ಯುವವರನ್ನು ಬಾಡಿಗೆಗೆ ಕರೆಸೋಣವೆಂದರೆ, "ಅವರು ನೆಟ್ಟ ಮರ, ಅವರ ಮಷೀನೇ ಕುಯ್ಯಬೇಕು. ಬೇರೆಯವರದ್ದು ಹತ್ತಿರ ಬಂದ್ರೆ ನಾನು ಒಳಗೇ ಇದ್ದುಬಿಡ್ತೀನಿ, ಹೋಗೋ" ಎಂದು ಅಪ್ಪಣೆಯಾಯಿತು. ಅವರು ಎಂದರೆ ತೀರಿಕೊಂಡ ನನ್ನ ಭಾವ. ಮಷೀನೆಂದರೆ ಭಾವ ಬಿಟ್ಟುಹೋದ ಗರಗಸ. ಬಿಚ್ಚಿ ನೋಡಿದರೆ, ಅದರ ಎಂಜಿನ್ನಿನೊಳಗೆ ತಿರುಗುವ ದಂಡವಾದ ಕ್ರ್ಯಾಂಕ್ ಶಾಫ್ಟನ್ನು ಎರಡೂ ಬದಿಯಲ್ಲಿ ಹೊತ್ತು ನಿಲ್ಲುವ ಬೇರಿಂಗುಗಳು ಸವೆದು ಕರಕರನೆ ಅರೆಯುತ್ತಿದ್ದವು. ಅವುಗಳ ಪಕ್ಕದಲ್ಲಿ ನಿಂತು ಗಾಳಿ ಒಳನುಗ್ಗದಂತೆ ಕಾಯುವ ರಬ್ಬರಿನ ಸೀಲುಗಳು ಒಣಗಿ ಬಿರಿದಿದ್ದವು.

ನಾನು ಹಳೆಯ ಗ್ರಂಥಗಳ ನಡುವೆ ಆಯುಷ್ಯ ಸವೆಸಿದವನಾದರೂ, ಬಿಡಿಭಾಗದ ಅಂಗಡಿಯವನು ಎದುರಿಗೆ ಹರಡಿದ ಭೇದೋಪಭೇದಗಳನ್ನು ಯಾವ ಭಾಷ್ಯದಲ್ಲಿಯೂ ಕಂಡವನಲ್ಲ. ಬೇರಿಂಗಿನೊಳಗಿನ ಗುಂಡುಗಳನ್ನು ಹಿಡಿದಿಡುವ ಪಂಜರ ಉಕ್ಕಿನದಾಗಬೇಕೋ ನೈಲಾನಿನದೋ, ಕಾವೇರಿದಾಗ ಹಿಗ್ಗುವುದಕ್ಕೆಂದು ಒಳಗೆ ಕೊಂಚ ಹೆಚ್ಚು ಸಡಿಲ ಬಿಟ್ಟದ್ದೋ ಸಾಮಾನ್ಯದ್ದೋ, ಪಕ್ಕಗಳು ತೆರೆದದ್ದೋ ತಗಡಿನಿಂದ ಮುಚ್ಚಿದ್ದೋ ಎಂದು ನಾನು ಮೀಮಾಂಸೆಯಲ್ಲಿ ಮುಳುಗಿರಲು, ಜೊತೆಗೆ ಬಂದಿದ್ದ ನೆರೆಮನೆಯ ದರ್ಜಿಯು ಮೊಳೆಗೆ ತೂಗುಹಾಕಿದ್ದ ತಮ್ಮ ಪೊಟ್ಟಣವನ್ನು ತೋರಿಸಿ, "ತಲೆ ಯಾಕೆ ಕೆಡಿಸ್ಕೋತೀರಿ ಯಜಮಾನ್ರೇ, ಇದು ಎಲ್ಲಾದಕ್ಕೂ ಆಗುತ್ತಂತೆ" ಎಂದ. ಕನ್ನಡಕ ಏರಿಸಿ ಓದಿದೆ: ಸಕಲ ಗರಗಸಗಳಿಗೂ ಹೊಂದುತ್ತದೆ! ಮೈ ಪುಳಕಗೊಂಡಿತು. ಸಕಲದಲ್ಲಿಯೂ ಹೊಂದಿಕೊಂಡಿರುವ ವಸ್ತು ಒಂದೇ ಒಂದೆಂದು ಬಾಲ್ಯದಿಂದ ನಂಬಿಕೊಂಡು ಬಂದಿದ್ದೆ. ಅದು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಸ್ಥಿತಿಯಲ್ಲಿ ದೊರೆಯುವುದೆಂದು ಮಾತ್ರ ಅರಿತಿರಲಿಲ್ಲ.

ಪೊಟ್ಟಣ ಬಿಚ್ಚಿದ ಮೇಲೆ ಭಕ್ತಿ ಇಮ್ಮಡಿಸಿತು. ಬೇರಿಂಗಿನ ಮೇಲೆ ಅಂಕಿಯಿಲ್ಲ, ಅಕ್ಷರವಿಲ್ಲ, ನಾಮರಹಿತ, ಗುಣರಹಿತ. ಎರಡು ಪಕ್ಕವೂ ತಗಡಿನಿಂದ ಭದ್ರವಾಗಿ ಮುಚ್ಚಿತ್ತು. ಈ ಎಂಜಿನ್ನಿನಲ್ಲಿ ಪೆಟ್ರೋಲಿನೊಡನೆ ಬೆರೆತ ಎಣ್ಣೆಯೇ ಒಳಹೊಕ್ಕು ಗುಂಡುಗಳನ್ನು ನೆನೆಸಬೇಕು, ಆದ್ದರಿಂದ ಬೇರಿಂಗು ತೆರೆದದ್ದೇ ಆಗಿರಬೇಕು ಎಂಬುದು ನನಗೆ ಆಗ ತಿಳಿದಿರಲಿಲ್ಲ. ತಮಗೆ ಈಗಲೂ ತಿಳಿದಿಲ್ಲ. ಸೀಲನ್ನು ಶಾಫ್ಟಿಗೆ ತೊಡಿಸಿದರೆ ಅದು ಬಡಕಲು ಕೈಯ ಬಳೆಯಂತೆ ಆಡತೊಡಗಿತು. ದರ್ಜಿಯು ಕೊರಳಲ್ಲಿದ್ದ ಟೇಪು ತೆಗೆದು ಅಳೆದು, "ಲೂಸಾಯ್ತಲ್ಲ. ಬಟ್ಟೆಯಾಗಿದ್ರೆ ಒಂದು ಹೊಲಿಗೆ ಒಳಗೆ ಹಿಡಿದು ಕೊಡ್ತಿದ್ದೆ" ಎಂದು ಮರುಗಿದ. ಅಚ್ಚಾದ ಮಾತನ್ನು ಶಂಕಿಸುವುದು ನಾಸ್ತಿಕರ ಲಕ್ಷಣವೆಂದು ನಾನೇ ಅವನನ್ನು ಗದರಿಸಿ ಎಲ್ಲವನ್ನೂ ಕೂಡಿಸಿಬಿಟ್ಟೆ.

ಹಗ್ಗ ಎಳೆದೊಡನೆ ಗರಗಸವು ಎಚ್ಚೆತ್ತಿತು. ಎಚ್ಚೆತ್ತದ್ದೇ ಸಡಿಲ ಸೀಲಿನ ಸಂದಿಯಿಂದ ಹೊಟ್ಟೆ ತುಂಬ ಗಾಳಿ ಕುಡಿದು, ಯಾರೂ ಮುಟ್ಟದೆಯೇ ವೇಗವೇರಿಸಿಕೊಂಡು ಕಿರುಚತೊಡಗಿತು. ದರ್ಜಿಯು ಸ್ವಿಚ್ಚು ಒತ್ತಿ ಆರಿಸದಿದ್ದರೆ ಭಾವನ ಪಿಸ್ಟನ್ನು ಭಾವನನ್ನೇ ಸೇರಿಕೊಳ್ಳುತ್ತಿತ್ತು. "ಮರ ಕುಯ್ತಿದ್ದೀಯೋ, ಮರಕ್ಕೆ ಸಂಗೀತ ಹೇಳಿಕೊಡ್ತಿದ್ದೀಯೋ?" ಎಂದು ಕಿಟಕಿಯಿಂದ ವಿಚಾರಣೆ ಬಂತು.

ತಮ್ಮ ಕಚೇರಿಗೆ ಫೋನು ಮಾಡಿದಾಗ, ಅತ್ಯಂತ ಮಧುರಕಂಠದ ಹೆಣ್ಣುಮಗಳೊಬ್ಬಳು, "ಸರ್, ನಮ್ಮ ಕಿಟ್ಟು ಎಲ್ಲಾ ಗರಗಸಕ್ಕೂ ಆಗುತ್ತೆ. ನಿಮ್ಮದಕ್ಕೆ ಆಗಿಲ್ಲ ಅಂದ್ರೆ ನಿಮ್ಮದು ಗರಗಸಾನೇ ಹೌದಾ, ಒಂದ್ಸಲ ಚೆಕ್ ಮಾಡಿ ಸರ್" ಎಂದಳು. ಇಷ್ಟು ನಿರ್ಭೀತವಾದ ತರ್ಕವನ್ನು ನಾನು ಪಂಡಿತರ ಸಭೆಗಳಲ್ಲಿಯೂ ಕೇಳಿಲ್ಲ. ಆಕೆಗೆ ಬಡ್ತಿ ಕೊಡಿ. ಅದಲ್ಲದೆ ತಮ್ಮಲ್ಲಿ ಇನ್ನೆರಡು ಅಲ್ಪ ಕೋರಿಕೆಗಳಿವೆ. ಗರಗಸಕ್ಕೆ ಹೊಂದುವ ಪೊಟ್ಟಣವನ್ನು ಮಾಡುವುದು ತಮ್ಮ ಘನತೆಗೆ ಕುಂದಾದರೆ, ಪೊಟ್ಟಣಕ್ಕೆ ಹೊಂದುವ ಗರಗಸವೊಂದನ್ನಾದರೂ ನಿರ್ಮಿಸಿ ಕಳುಹಿಸಿಕೊಡಬೇಕು. ಮತ್ತು ತಾವು ಸ್ವತಃ ಒಂದು ವರ್ಷ ಕಾಲ ಸಕಲ ಪಾದಗಳಿಗೂ ಹೊಂದುವ ಜೋಡು ಮೆಟ್ಟಿ, ಸಕಲ ಕಣ್ಣುಗಳಿಗೂ ಹೊಂದುವ ಕನ್ನಡಕ ಧರಿಸಿ, ಸಕಲ ದವಡೆಗಳಿಗೂ ಹೊಂದುವ ಹಲ್ಲುಸೆಟ್ಟು ಕಟ್ಟಿಕೊಂಡು ಕಚೇರಿಗೆ ದಯಮಾಡಿಸಬೇಕು.

ನಮ್ಮನ್ನು ಉದ್ಧರಿಸಿದವಳು ಸೆರೆಯಲ್ಲಿದ್ದ ಅಕ್ಕನೇ. ಕಳಚಿದ ಹಳೆಯ ಬೇರಿಂಗುಗಳನ್ನು, ಭಾವನೊಡನೆ ದುಡಿದವುಗಳಲ್ಲವೇ ಎಂಬ ಗೌರವದಿಂದ, ನಾನು ತೊಳೆದು ಬಟ್ಟಲಲ್ಲಿಟ್ಟು ಅವಳ ಮನೆಯ ಪ್ರಾರ್ಥನೆಯ ಗೂಡಿನಲ್ಲಿ ಇರಿಸಿದ್ದೆ. ಪ್ರತಿದಿನ ಬೆಳಿಗ್ಗೆ ಅದರ ಮುಂದೆ ಕಣ್ಣು ಮುಚ್ಚಿ ನಿಂತು, ತಕ್ಕ ಬೇರಿಂಗನ್ನು ತೋರಿಸಿಕೊಡು ತಂದೆ ಎಂದು ಬೇಡುತ್ತಿದ್ದೆ. ಮಾಡಲು ಬೇರೆ ಕೆಲಸವಿಲ್ಲದ ಅಕ್ಕ ಗೂಡಿನ ಧೂಳು ಒರೆಸುತ್ತ ಒಂದನ್ನು ಎತ್ತಿ ಬೆಳಕಿಗೆ ಹಿಡಿದು, "ಇದರ ಅಂಚಲ್ಲಿ ನಂಬರು ಕೆತ್ತಿದೆಯಲ್ಲೋ! ದಿನಾ ಇದರ ಮುಂದೆ ನಿಂತು ಏನು ಮಾಡ್ತಿದ್ದೆ?" ಎಂದಳು. ಕಣ್ಣು ಮುಚ್ಚಿ ಧ್ಯಾನಿಸುತ್ತಿದ್ದೆನೆಂದೆ. "ಒಂದ್ಸಲ ತೆರೆದಿದ್ರೆ ದೇವರೇನು ಬೇಜಾರು ಮಾಡ್ಕೋತಿದ್ನಾ?" ಎಂದಳು. ಕಣ್ಣು ತೆರೆದುಕೊಂಡೇ ಆ ಅಂಕಿಯನ್ನು ಬರೆದುಕೊಂಡು ಅಂಗಡಿಗೆ ನಡೆದೆ.

ಅಂಕಿ ಹೇಳಿದೊಡನೆ ಅಂಗಡಿಯವನು ಪಕ್ಕ ತೆರೆದ, ಕಾವಿಗೆ ತಕ್ಕಷ್ಟು ಸಡಿಲವುಳ್ಳ ಬೇರಿಂಗನ್ನು ತೆಗೆದುಕೊಟ್ಟ. ಹಳೆಯ ಸೀಲಿನ ಒಳಸುತ್ತು, ಹೊರಸುತ್ತು, ದಪ್ಪಗಳನ್ನು ಅಳೆದು ಸೀಲನ್ನೂ ಕೊಟ್ಟ. ಬೇರಿಂಗನ್ನು ಫ್ರೀಜರಿನಲ್ಲಿಟ್ಟು ಕುಗ್ಗಿಸಿ, ಎಂಜಿನ್ನಿನ ಕವಚವನ್ನು ಒಲೆಯಲ್ಲಿ ಕಾಯಿಸಿ ಹಿಗ್ಗಿಸಿದೆವು. ಸುತ್ತಿಗೆಯ ಮಾತೇ ಇಲ್ಲದೆ ಅದು ತನ್ನ ಭಾರಕ್ಕೆ ತಾನೇ ಸೊಗಸಾಗಿ ಇಳಿದು ಕುಳಿತಿತು. ಸೀಲಿನ ತುಟಿ ಒಳಮುಖವಾಗಿರುವಂತೆ ಕೂಡಿಸಿ, ಒಳಗೆ ಗಾಳಿಯೂದಿ ಹೊರಗೆ ಸಾಬೂನುನೀರು ಹಚ್ಚಿದರೆ ಒಂದು ಗುಳ್ಳೆಯೂ ಏಳಲಿಲ್ಲ.

ಮರ ತುಂಡಾಯಿತು, ಹಾದಿ ತೆರೆಯಿತು. ಅಕ್ಕ ಮೆಲ್ಲನೆ ಇಳಿದು ಬಂದು ಬೆಂಚಿನ ಮೇಲೆ ಕುಳಿತು, "ಅವರಿದ್ದಿದ್ರೆ ಊಟಕ್ಕೆ ಮುಂಚೆ ಮುಗಿಸಿ ಕೈ ತೊಳ್ಕೋತಿದ್ರು" ಎಂದು ನಮ್ಮ ಸಾಧನೆಯನ್ನು ತೂಗಿದಳು. ನಾನು ಗರಗಸವನ್ನು ಆರಿಸಹೊರಟಾಗ ಮಾತ್ರ ಕೈಯೆತ್ತಿ ತಡೆದಳು: "ಇರ್ಲಿ ಬಿಡೋ, ಇನ್ನೊಂದು ಸ್ವಲ್ಪ ಹೊತ್ತು ಓಡ್ಲಿ. ಇದರ ಸದ್ದು ಕೇಳಿ ಎಷ್ಟು ದಿನ ಆಯ್ತು." ಕೊಯ್ಯಲು ಏನೂ ಉಳಿದಿರಲಿಲ್ಲ. ಆದರೂ ಅದನ್ನು ಮರದ ತುಂಡೊಂದರ ಮೇಲಿಟ್ಟು, ಪೆಟ್ರೋಲು ತೀರುವವರೆಗೆ ದರ್ಜಿಯೂ ಸೇರಿ ಮೂವರೂ ಕೇಳುತ್ತ ಕುಳಿತೆವು. ದಾರಿಹೋಕರಲ್ಲಿ ಯಾರನ್ನೂ ಅಂದು ಅಕ್ಕ ವಿಚಾರಿಸಿಕೊಳ್ಳಲಿಲ್ಲ.

ಪೊಟ್ಟಣವೊಂದರ ಹೊರತು ಉಳಿದೆಲ್ಲದರಲ್ಲಿಯೂ ತಮ್ಮ ವಿಶ್ವಾಸಿ,
ಕಲ್ಲುಬೆಂಚಿನ ಅಕ್ಕನ ಒಡಹುಟ್ಟಿದವನು

ಮರೆತ ಮಾತು: ಅಕ್ಕನ ಊರುಗೋಲಿನ ತುದಿಯ ರಬ್ಬರು ಪದೇಪದೇ ಕಳಚಿ ಬೀಳುತ್ತಿತ್ತು. ತಮ್ಮ ಸೀಲನ್ನು ಅದರ ಮೇಲೆ ತೊಡಿಸಿ ನೋಡಿದೆವು. ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ ಹಿಡಿದು ಕುಳಿತಿದೆ. ಆದ್ದರಿಂದ ಪೊಟ್ಟಣದ ಬರಹವನ್ನು ಅಳಿಸುವ ಶ್ರಮ ಬೇಡ. 'ಸಕಲ ಗರಗಸಗಳಿಗೂ' ಎಂಬಲ್ಲಿ 'ನಮ್ಮ ಅಕ್ಕನ ಕೋಲಿಗೆ' ಎಂದು ತಿದ್ದಿದರೆ ಸಾಕು, ಉಳಿದದ್ದೆಲ್ಲ ಸತ್ಯ.