ನಂಜೇಗೌಡನ ಬಲ ಹೆಗಲು

ನಂಜೇಗೌಡನ ಬಲ ಹೆಗಲಿನ ಮೇಲೆ ಪತ್ತೇದಾರಿಕೆಗೆ ಹೊರಟ ಪೆದ್ದ ನಾನೇ. ಮೊದಲೇ ಹೇಳಿಬಿಡುವುದು ವಾಸಿ. ಬೇರೆಯವರ ಬಾಯಿಂದ ಕೇಳಿದರೆ ಕತೆ ಇನ್ನೂ ಕೆಟ್ಟದಾಗಿರುತ್ತದೆ. ಅನುಕರಣೆ ಮಾಡುವವರಿಗೆ ಒಂದು ಕಾಯಿಲೆಯಿದೆ. ಪ್ರಿನ್ಸಿಪಾಲರ ಕೆಮ್ಮು, ಸೋದರತ್ತೆಯ ಆಕಳಿಕೆ, ಜಟಕಾ ಸಾಬರು ಕುದುರೆಗೆ ಬೈಯುವ ವರಸೆ, ಕೊನೆಗೆ ಕನ್ನಡಿಯ ಮುಂದೆ ತಲೆ ಬಾಚುವ ನನ್ನದೇ ಗತ್ತು, ಎಲ್ಲವನ್ನೂ ಮಾಡಿ ತೋರಿಸಿ ಚಪ್ಪಾಳೆ ಗಿಟ್ಟಿಸಿದ ಮೇಲೆ, ಲೋಕದಲ್ಲಿ ಯಾರು ಕುಂಟಿದರೂ ಕೆಮ್ಮಿದರೂ ನಟನೆಯೆಂದೇ ತೋರುತ್ತದೆ. ಅಜ್ಜಿಗೆ ಜ್ವರ ಬಂದರೆ ನಾನು ಹಣೆ ಮುಟ್ಟಿ ನೋಡುತ್ತಿದ್ದದ್ದು ಮರುಕದಿಂದಲ್ಲ, ತನಿಖೆಗೆ.

ನಂಜೇಗೌಡ ಹಿನಕಲ್ಲಿನ ರೈತರ ಮನೆಯ ಹುಡುಗ, ನನ್ನ ಸಹಪಾಠಿ. ಊರ ಬಾವಿಯಲ್ಲಿ ಅವನು ಕಲಿತ ಈಜಿಗೆ ಬೆರಗಾಗಿ ನಮ್ಮ ಕಾಲೇಜು ಬೆಂಗಳೂರಿನ ಪಂದ್ಯಕ್ಕೆ ಅವನನ್ನೇ ಆರಿಸಿತ್ತು. ಅವನು ತಪ್ಪಿದರೆ ಹೋಗಬೇಕಾದವನು ನಾನು. ಈ ಸಂಗತಿಗೂ ನನ್ನ ಸಂಶಯಕ್ಕೂ ಏನೇನೂ ಸಂಬಂಧವಿಲ್ಲವೆಂದು ಆಗ ನಂಬಿದ್ದೆ.

ಅಭ್ಯಾಸ ನಡೆಯುತ್ತಿದ್ದದ್ದು ನಜರ್‌ಬಾದಿನ ಆಚೆಯ ಒಂದು ಕಲ್ಲುಕೊಳದಲ್ಲಿ. ಮೊದಲ ಸುತ್ತುಗಳಲ್ಲಿ ಅವನ ಮೊಣಕೈ ಗೋಪುರದಂತೆ ಎದ್ದು ಅಂಗೈ ನೀರನ್ನು ಸೀಳುತ್ತಿತ್ತು. ಬರಬರುತ್ತಾ ಬಲ ಮೊಣಕೈ ಇಳಿದು, ಕೈ ಪಕ್ಕದಿಂದ ಬಳಸಿಕೊಂಡು ಬಂದು ನೀರನ್ನು ನೆಲ ಸಾರಿಸಿದ ಹಾಗೆ ಸಾರಿಸುವುದು. ಕಾಲು ಮಾತ್ರ ಮೊದಲಿನ ಹಾಗೆಯೇ ಚಿಮ್ಮುತ್ತಿದೆ! ಸುಸ್ತೆಂದರೆ ಮೈಗೆಲ್ಲ ಆಗಬೇಡವೇ? ಒಂದು ಹೆಗಲು ಮಾತ್ರ ರಜೆ ಹಾಕುವುದುಂಟೆ? ಅರ್ಧ ಗಂಟೆ ಕಳೆಯುವಷ್ಟರಲ್ಲಿ ಹೋಟೆಲಿನಲ್ಲಿ ಅದೇ ಬಲಗೈ ಗರುಡಗಂಬದಂತೆ ಮೇಲೆದ್ದು ಇನ್ನೊಂದು ಸೆಟ್ ದೋಸೆ ಕರೆಯಿತು. ಸಾಲದ್ದಕ್ಕೆ ಅವನ ಸೈಕಲ್ಲಿಗೆ ಹೊಸ ಡೈನಮೊ ದೀಪ. ಅದೇ ಪಂದ್ಯಕ್ಕೆ ಹೊರಟಿದ್ದ ಎದುರಾಳಿ ಕಾಲೇಜಿನ ಈಜುಗಾರನ ಮಾವನಿಗೆ ಲಷ್ಕರ್ ಮೊಹಲ್ಲಾದಲ್ಲಿ ಸೈಕಲ್ ಅಂಗಡಿ. ನೀವೇ ಕೂಡಿಸಿ ನೋಡಿ.

ದೀಪದ ಲಂಚ ತಿಂದು ಗೌಡ ಸೋಲುವ ನಟನೆ ಹೂಡಿದ್ದಾನೆ ಎಂದು ನಾನು ಕೂಡಿಸಿದ್ದನ್ನು ವ್ಯಾಯಾಮದ ಮೇಷ್ಟರ ಕಿವಿಗೆ ಹಾಕಿದೆ.

"ಡೈನಮೊ ಅವನಣ್ಣ ಕೊಡ್ಸಿದ್ದು, ನನ್ನೆದುರಿಗೇ," ಎಂದರು ಅವರು. "ಹೆಗಲು ಸೋತರೆ ಬೆನ್ನಿನ ಅಗಲ ಮೂಳೆ ಸರಿಯಾಗಿ ತಿರುಗಲ್ಲ ಕಣೋ, ಮೊಣಕೈ ಏಳಲ್ಲ. ಸ್ವಲ್ಪ ಹೊತ್ತು ಕೂತರೆ ಮತ್ತೆ ಏಳುತ್ತೆ."

"ಅದನ್ನ ಯಾರು ಬೇಕಾದ್ರೂ ಮಾಡಬಹುದು ಸಾರ್. ನಾನೇ ಮೊಣಕೈ ಇಳಿಸಿ ಈಜಿ, ಬೇಕಾದಾಗ ಮತ್ತೆ ಎತ್ತಿ ತೋರಿಸ್ತೀನಿ."

"ತೋರ್ಸು. ಆದರೆ ಅವನು ಈಜೋವಷ್ಟೂ ಈಜಬೇಕು. ನಟನೆ ಅಂತ ಸಾಬೀತಾದ್ರೆ ಅವನ ಜಾಗ ನಿನಗೇ."

ಮರುದಿನ ಸಂಜೆ ಕೊಳದ ಕಟ್ಟೆಯ ಮೇಲೆ ಇಡೀ ಕಾಲೇಜೇ ನೆರೆದಿತ್ತು. ನಂಜೇಗೌಡನೂ ಬಂದು ಕೂತ. "ಮಾಡಪ್ಪ, ನಾನೆಂಗೆ ಈಜ್ತೀನಿ ಅಂತ ನಾನೂ ಒಂದ್ಕಿತ ನೋಡ್ಬುಡ್ತೀನಿ," ಎಂದ.

ಮೊದಲ ಸುತ್ತಿನಿಂದಲೇ ಬಲ ಮೊಣಕೈ ಇಳಿಸಿದೆ. ಕಟ್ಟೆಯ ಮೇಲೆ ನಗೆ, ಸಿಳ್ಳು. ಹೀಗೆ ಬಹಳ ಸುತ್ತುಗಳಾದ ಮೇಲೆ, ನಟನೆ ಸಾಕು, ಇನ್ನು ನನ್ನದೇ ಶೈಲಿ ತೋರಿಸೋಣವೆಂದು ಮೊಣಕೈ ಎತ್ತಲು ಹೋದೆ. ಏಳಲಿಲ್ಲ. ಉಸಿರಿತ್ತು, ಕಾಲಿತ್ತು, ಹೆಗಲಿನೊಳಗೆ ಮಾತ್ರ ಯಾರೋ ರುಬ್ಬುವ ಗುಂಡು ಇಟ್ಟ ಹಾಗಿತ್ತು. ಕೈ ತಾನಾಗಿಯೇ ನೀರು ಸಾರಿಸತೊಡಗಿತು. "ಭಲೇ! ಥೇಟ್ ಗೌಡ!" ಎಂದು ಚಪ್ಪಾಳೆ ಬಿತ್ತು. ಎಡಗೈಯೂ ಬಲಗೈಯ ದಾರಿ ಹಿಡಿಯಿತು. "ಅಯ್ಯೋ, ಹಿಡ್ಕೊಳ್ರೋ!" ಎಂದು ಕೂಗಿದೆ, ಚಪ್ಪಾಳೆ ಇಮ್ಮಡಿಯಾಯಿತು. ಮುಳುಗಿ ನೀರು ಕುಡಿದೆ. ಅದಕ್ಕೂ ಒನ್ಸ್ ಮೋರ್ ಬಂತು. ಮೇಷ್ಟರೂ ನಗುತ್ತಿದ್ದರು. ನಗದೆ ಇದ್ದವನು ನಂಜೇಗೌಡನೊಬ್ಬನೇ. ಅವನು ಅಂಗಿ ಸಮೇತ ಧುಮುಕಿ, ನನ್ನ ಕೂದಲಿಗೆ ಕೈಹಾಕಿ ಮೆಟ್ಟಿಲಿಗೆ ಎಳೆದು ತಂದ.

ಅಷ್ಟಾದರೂ ನನ್ನ ಸಂಶಯದ ಚಾಳಿ ಬಿಡಲಿಲ್ಲ. ಕೆಮ್ಮು ನಿಂತ ಕೂಡಲೇ ಕೇಳಿದೆ: "ಎಲ್ಲರೂ ನಟನೆ ಅಂದ್ಕೊಂಡ್ರು. ನಿನಗೊಬ್ಬನಿಗೇ ಹೇಗೋ ಗೊತ್ತಾಯ್ತು?"

ಅವನು ಅಂಗಿ ಹಿಂಡುತ್ತಾ ಹೇಳಿದ: "ಆಟ ಕಟ್ಟೋವಾಗ ನೀನು ಜನದ ಮೊಕ ನೋಡ್ತೀಯ ಕಣೋ. ಕೊನೆಗೆ ಬರೀ ಮೆಟ್ಲು ನೋಡ್ತಿದ್ದೆ."