ಓಟಿಪಿ ಬಂತೇನವ್ವಾ?

ನಾನು ಹೇಳುವುದನ್ನು ನೀವು ಖಂಡಿತ ನಂಬುವುದಿಲ್ಲ. ನನ್ನ ಗೆಳತಿಯರೇ ನಂಬಿಲ್ಲ. ಜ್ವರ ಬಂದಿದೆ ಎಂದರೂ ಥರ್ಮಾಮೀಟರ್ ತೋರಿಸು ಎನ್ನುವ ಜನ ಅವರು. ಆದರೂ ಕೇಳಿ: ಪಿಯುಸಿ ಎರಡನೇ ವರ್ಷದ ಈ ಸುಜಾತಾ, ರಾಯಚೂರು ಸೀಮೆಯ ಅರ್ಧ ಪ್ರಾಧ್ಯಾಪಕರ ಸಂಶೋಧನೆಯನ್ನು ಮೊಬೈಲಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದಳು. ಉಳಿದರ್ಧ ಬೇರೆಯವರ ಮಕ್ಕಳ ಮೊಬೈಲಿನಲ್ಲಿತ್ತು.

ನಮ್ಮಪ್ಪ ಇತಿಹಾಸದ ಪ್ರಾಧ್ಯಾಪಕರು. ದೇವದುರ್ಗದ ಹಳೆಯ ಬಾವಿಗಳ ಮೇಲೆ ಎಷ್ಟು ಬರೆದಿದ್ದಾರೆಂದರೆ, ಈಗ ಅವುಗಳಲ್ಲಿ ನೀರಿಗಿಂತ ಅಡಿಟಿಪ್ಪಣಿಯೇ ಹೆಚ್ಚು. ವಿಶ್ವವಿದ್ಯಾಲಯದವರು ಒಂದು ಸಾಫ್ಟ್‌ವೇರ್ ತಂದು, ಯಾರು ಏನು ಬರೆದಿರಿ, ಎಲ್ಲಿ ಅಚ್ಚಾಯಿತು, ಎಲ್ಲವನ್ನೂ ಇದರಲ್ಲಿ ತುಂಬಿ ಎಂದರು. ಹಗ್ಗ ಹಿಡಿದು ಪಾಳು ಬಾವಿಗೆ ಇಳಿಯುವ ಅಪ್ಪ, ಆ ಪರದೆ ನೋಡಿ ಹಿಂದೆ ಸರಿದರು. "ಯವ್ವಾ ಸುಜಿ, ಇದರಾಗ ನಿನ್ನ ನಂಬರೇ ಹಾಕಿಬಿಡು. ಓಟಿಪಿ ನಿನಗೇ ಬರ್ಲಿ. ನನಗ್ಯಾಕ ಅದರ ಉಸಾಬರಿ?" ಸುದ್ದಿ ತಿಳಿದ ಮಾನ್ವಿಯ ಖಾದರ್ ಮಾಮಾ, ಅಂದರೆ ಅಪ್ಪನ ಪ್ರಾಧ್ಯಾಪಕ ಗೆಳೆಯರು, ಭತ್ತದ ರೋಗಗಳ ಮೇಲಿನ ತಮ್ಮ ಲೇಖನಗಳನ್ನು ಸಂತೆಯ ಚೀಲದಲ್ಲಿ ತಂದು ಸುರಿದರು. "ಬೇಟಿ, ನಂದೂ ಅಷ್ಟು ತುಂಬಿಬಿಡವ್ವಾ." ಅವರ ಬೆನ್ನಿಗೇ ಇನ್ನಷ್ಟು ಪ್ರಾಧ್ಯಾಪಕರ ಚೀಲಗಳು ಬಂದವು.

ತೊಡಕು ಒಂದೇ, ಅದು ಅವ್ವ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ಅವ್ವನಿಗೆ ಮನೆಯೂ ಒಂದು ವಾರ್ಡು. "ಪರೀಕ್ಷಿ ಮುಗಿಯೋತನಕ ಓದೋದು ಬಿಟ್ಟು ಆ ಫೋನ್ ಹಿಡದಿದ್ದು ಕಂಡ್ರ, ಅದು ಬೀರು ಸೇರ್ತದ, ನೋಡು" ಎಂದು ಹೇಳಿಯಾಗಿತ್ತು.

ಅಷ್ಟರಲ್ಲಿ ಸಾಫ್ಟ್‌ವೇರ್ ಕಂಪನಿಯವರು ರಾಯಚೂರಿನಲ್ಲಿ ಬಳಕೆದಾರರ ಸಮ್ಮೇಳನ ಇಟ್ಟರು. ವೇದಿಕೆಯ ಮೇಲೆ ಬಳಸಿ ತೋರಿಸುವ ಗೌರವ ಅಪ್ಪನಿಗೆ ಬಂತು. ಭಾನುವಾರ ಬೆಳಿಗ್ಗೆ ನಾನು ಫಿಸಿಕ್ಸ್ ಟ್ಯೂಷನ್ನಿಗೆ ಹೊರಟೆ. ಅರ್ಧ ದಾರಿಯಲ್ಲಿ ಅಪ್ಪನ ಸ್ಕೂಟರ್ ಹತ್ತಿ ಸಭಾಂಗಣದ ಕೊನೆಯ ಸಾಲಿನಲ್ಲಿ ಮಿರ್ಚಿ ಭಜಿ ಹಿಡಿದು ಕೂತೆ.

ಬೆಂಗಳೂರಿನಿಂದ ಬಂದ ಕಂಪನಿ ಸಾಹೇಬರು ಪರದೆಯ ಮೇಲೆ ಏರಿಳಿಯುವ ಗೆರೆ ತೋರಿಸಿದರು. "ಬೇರೆ ಕಡೆ ಭಾನುವಾರ ಯಾರೂ ಲಾಗಿನ್ ಆಗಲ್ಲ. ನಿಮ್ಮಲ್ಲಿ ಭಾನುವಾರವೇ ಹೆಚ್ಚು! ಎಂಥ ನಿಷ್ಠೆ ಸಾರ್!" ಪ್ರಾಧ್ಯಾಪಕರು ತಮಗೆ ತಾವೇ ಚಪ್ಪಾಳೆ ತಟ್ಟಿಕೊಂಡರು. "ಆದರೆ ಮಾರ್ಚಿನಲ್ಲಿ ಒಬ್ಬರೂ ಬರಲ್ಲ. ಯಾಕೆ?" ಮಾರ್ಚಿನಲ್ಲಿ ಮಕ್ಕಳ ಪರೀಕ್ಷೆ ಎಂದು ಯಾವ ಬಾಯಿಯಿಂದ ಹೇಳಿಯಾರು? ಕೊನೆಗೆ ಖಾದರ್ ಮಾಮಾ ಎದ್ದರು. "ನಮ್ಮ ಕಡಿ ಮಾರ್ಚಿಗೆ ಬಿಸ್ಲು ಭಾಳ್ರೀ ಸರ್." ಸಾಹೇಬರು ಅದನ್ನು ಶ್ರದ್ಧೆಯಿಂದ ಬರೆದುಕೊಂಡರು.

"ಈಗ ಎಲ್ಲರೂ ಲಾಗಿನ್ ಆಗಿ" ಎಂದದ್ದೇ ತಡ, ಅರ್ಧ ಸಭಾಂಗಣ ಎದ್ದು ವರಾಂಡಕ್ಕೆ ಓಡಿತು. "ಲೇ, ಓಟಿಪಿ ಬಂತೇನೋ?" "ಅವನ್ನ ಎಬ್ಬಸು ಮೊದಲ!" ದೇವದುರ್ಗದವರೊಬ್ಬರು ಅಳುವ ಮುಖ ಮಾಡಿದರು: "ಬ್ಯಾಟಿಂಗ್ ಮುಗಿಸಿ ಹೇಳ್ತೀನಿ ಅಂತಾನ್ರೀ ನನ್ನ ಮಗ!"

ವೇದಿಕೆಯ ಮೇಲಿದ್ದ ಅಪ್ಪ ಓಡುವಂತಿರಲಿಲ್ಲ. ಎದುರಿಗೆ ಮೈಕಿದೆ ಎಂಬುದನ್ನೂ ಮರೆತು, "ಓಟಿಪಿ ಬಂತೇನವ್ವಾ?" ಎಂದರು. ಸಭಾಂಗಣವೆಲ್ಲ ಮೊಳಗಿತು. ಅದೇ ಹೊತ್ತಿಗೆ ಅವ್ವನ ಫೋನ್ ಬಂತು. ಕಟ್ ಮಾಡಿದೆ, ಟ್ಯೂಷನ್ನಿನಲ್ಲಿ ಫೋನ್ ಎತ್ತುವುದು ಶಿಸ್ತಲ್ಲ. ಎದ್ದು ನಿಂತು ಅಂಕಿಗಳನ್ನು ಮಗ್ಗಿಯಂತೆ ಒಪ್ಪಿಸಿದೆ.

ಸಾಹೇಬರಿಗೆ ಎಲ್ಲ ಅರ್ಥವಾಯಿತು. ಸಿಟ್ಟಾಗುವ ಬದಲು, "ಹಾಗಾದ್ರೆ ನಿಜವಾದ ಬಳಕೆದಾರರು ನೀವೇ, ಬನ್ನಿ" ಎಂದು ನನ್ನನ್ನೇ ವೇದಿಕೆಗೆ ಕರೆದರು. ಮೈಕು ಸಿಕ್ಕರೆ ನಾನು ಬಿಡುತ್ತೇನೆಯೇ? "ಮೊದಲನೇದು, ನಿಮ್ಮ ಬಟನ್ ಸಣ್ಣವು ಸರ್. ಎರಡನೇದು, ಅದು ಬಿಸ್ಲಲ್ಲ—"

ಬಾಗಿಲು ತೆರೆಯಿತು. ಬಿಳಿ ಸಮವಸ್ತ್ರದಲ್ಲಿ ಅವ್ವ. ಕೈಯಲ್ಲಿ ನನ್ನ ಫಿಸಿಕ್ಸ್ ಪುಸ್ತಕ.

"ಮರತು ಹೋಗ್ಯಾಳ ಅಂತ ಟ್ಯೂಷನ್ನಿಗೆ ಕೊಡಾಕ ಹೋದ್ರ ಅಲ್ಲಿಲ್ಲ. ಅಪ್ಪನ ಹಂತೇಕ ಇರಬೇಕು ಅಂತ ಇಲ್ಲಿಗೆ ಬಂದ್ರ, ಮಗಳು ಭಾಷಣ ಮಾಡಾಕತ್ತಾಳ! ಇಳಿ ಬೇ ಕೆಳಗ. ಮತ್ತ ನೀವ್ರೀ, ಮನಿಗೆ ಬರ್ರಿ, ಮಾತಾಡೋಣ."

ಅಪ್ಪ ಬಾವಿ ಹುಡುಕುವವರಂತೆ ನೆಲ ನೋಡಿದರು. ಅವ್ವ ಕೈ ಚಾಚಿದರು. ನಾನು ಆ ಕೈಯಲ್ಲಿ ಫೋನ್ ಇಟ್ಟೆ. ಆ ಕ್ಷಣವೇ ಅದು ಕಿಣ್ ಎಂದಿತು. "ಅಕ್ಕಾ, ಅದು ನನ್ನ ಓಟಿಪಿ..." ಎಂದರು ಖಾದರ್ ಮಾಮಾ. ಅವ್ವ ಫೋನನ್ನು ಬ್ಯಾಗಿಗೆ ಹಾಕಿ ಜಿಪ್ ಎಳೆದರು. ಸಮ್ಮೇಳನ ಮುಗಿಯಿತು.

ಈಗ ಆ ಸಂಶೋಧನೆಯೆಲ್ಲ ನಮ್ಮ ಬೀರುವಿನಲ್ಲಿ, ಅವ್ವನ ರೇಷ್ಮೆ ಸೀರೆಗಳ ನಡುವೆ ಇದೆ. ನಾನು ಫಿಸಿಕ್ಸ್ ಓದುತ್ತಿದ್ದೇನೆ. ಇದನ್ನಂತೂ ನೀವು ನಂಬುವುದೇ ಇಲ್ಲ.